ದೀರ್ಘಾನಧ್ಯಾಯ

ಪಾಠಶಾಲೆಯಲ್ಲಿ ಓದಿದವರಿಗೆ ‘ಅನಧ್ಯಾಯ’ವೆಂಬ ಶಬ್ದವು ಹೊಸದಲ್ಲ. ಅಧ್ಯಯನವನ್ನು ನಿಲ್ಲಿಸಬೇಕಾದ ದಿನಕ್ಕೂ ಹೊತ್ತಿಗೂ ಈ ಹೆಸರು ಸಲ್ಲುವದು. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಹುಣ್ಣಿವೆ, ಅಮಾವಾಸ್ಯೆಗಳು ಬಂದವೆಂದರೆ ಗುರುಗಳು ಪುಸ್ತಕವನ್ನು ಕಟ್ಟಿಡುತ್ತಿದ್ದರು. ಬಾಲಕರಾದ ನಾವು ಹಿಗ್ಗುತ್ತಿದ್ದೆವು. ಪ್ರತಿಪತ್ತಿನ ದಿನ ಓದಿದ ವಿದ್ಯೆಯು ಕ್ಷೀಣಿಸುವದೆಂದು ಹಿರಿಯರು ಹೇಳುತ್ತಿದ್ದರು. ಓದದೆ ಬಿಟ್ಟ ವಿದ್ಯೆಯು ಎಷ್ಟು ಬೇಗ ಕ್ಷೀಣಿಸುವದೆಂಬುದನ್ನು ಮಾತ್ರ ಆ ವಯಸ್ಸಿನಲ್ಲಿ ನಾವು ಯೋಚಿಸಿದವರಲ್ಲ. ಅದನ್ನು ಯೋಚಿಸುವ ಪ್ರಸಂಗವು ನನಗೆ ಅಧ್ಯಾಪಕವೃತ್ತಿಯಿಂದ ನಿವೃತ್ತನಾದ ಮೇಲೆ ಒದಗಿ ಬಂದಿತು.

ಅನಧ್ಯಾಯದ ವಿಚಾರಕ್ಕೂ ನಮ್ಮ ಕಲ್ಯಾಣಕ್ಕೂ ಹಳೆಯ ನಂಟುಂಟು. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು ಇಲ್ಲಿಂದ ರಾಜ್ಯವಾಳುತ್ತಿದ್ದಾಗ, ಅಂದರೆ ೧೦೭೬ರಿಂದ ೧೧೨೬ರ ವರೆಗಿನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ಟೀಕೆಯನ್ನು ರಚಿಸಿದನು. ದಾಯವಿಭಾಗದ ವಿಷಯದಲ್ಲಿ ಈ ಗ್ರಂಥವು ಭರತಖಂಡದ ಬಹುಭಾಗದಲ್ಲಿ ಪ್ರಮಾಣವಾಗಿ ನಡೆದು ಬಂದಿತೆಂಬುದನ್ನು ವಾಚಕರು ಬಲ್ಲರು. ಅದೇ ಸ್ಮೃತಿಯ ಆಚಾರಾಧ್ಯಾಯದಲ್ಲಿ ಮೂವತ್ತೇಳು ಅನಧ್ಯಾಯಗಳ ಒಂದು ಪಟ್ಟಿಯಿದೆ. ನಾಯಿನರಿಗಳು ಕೂಗುವಾಗ, ದುಃಖಿತರ ಆಕ್ರಂದನವು ಕೇಳಿಬರುವಾಗ, ಶವವು ಸಮೀಪದಲ್ಲಿರುವಾಗ, ಧೂಳು ಸುರಿಯುವಾಗ, ಮಂಜು ಕವಿದಾಗ, ಭಯವುಂಟಾದಾಗ, ಶಿಷ್ಟನಾದ ಅತಿಥಿಯು ಮನೆಗೆ ಬಂದಾಗ—ಹೀಗೆ ಅದು ಸಾಗುವದು. ಇವೆಲ್ಲಕ್ಕೂ ಸ್ಮೃತಿಕಾರನು ಕೊಟ್ಟ ವಿಶೇಷಣವು ‘ತಾತ್ಕಾಲಿಕ’ವೆಂಬುದು. ಎಂದರೆ, ನಿಮಿತ್ತವು ಇರುವಷ್ಟು ಹೊತ್ತು ಮಾತ್ರ ಅನಧ್ಯಾಯ. ನಿಮಿತ್ತವು ತೊಲಗಿದೊಡನೆ ಪಾಠವು ಮುಂದುವರಿಯತಕ್ಕದ್ದು.

ಈ ಪಟ್ಟಿಯಲ್ಲಿ ಇಂದಿನ ಸಜ್ಜನರು ಒಪ್ಪಲಾಗದ ನಿಮಿತ್ತಗಳೂ ಇರುವವೆಂಬುದನ್ನು ಮುಚ್ಚಿಡಬಾರದು. ಶೂದ್ರನು ಸಮೀಪದಲ್ಲಿದ್ದರೂ ಅಧ್ಯಯನವನ್ನು ನಿಲ್ಲಿಸಬೇಕೆಂದು ಅದು ವಿಧಿಸುವದು. ಅಂಥವರ ಪಾಲಿಗೆ ಅನಧ್ಯಾಯವು ತಾತ್ಕಾಲಿಕವಾಗಿರಲಿಲ್ಲ, ತಲೆತಲಾಂತರದ್ದಾಗಿತ್ತು. ಮಿತಾಕ್ಷರೆಯು ಹುಟ್ಟಿದ ಕೆಲವೇ ದಶಕಗಳ ನಂತರ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಆ ಬಾಗಿಲನ್ನು ತಟ್ಟಿದರು. ಕಾಯಕದ ಜನರೂ ಸ್ತ್ರೀಯರೂ ತಮ್ಮ ಅನುಭಾವವನ್ನು ತಮ್ಮ ನುಡಿಯಲ್ಲಿ ಆಡಿದರು. ನಮ್ಮ ಊರಿಗೆ ಹೀಗೆ ಎರಡು ಪರಂಪರೆಗಳುಂಟು: ಒಂದು ವಿಧಿಯನ್ನು ಅಳೆದು ಬರೆದುದು, ಇನ್ನೊಂದು ವಿದ್ಯೆಯನ್ನು ಎಲ್ಲರಿಗೂ ತೆರೆದುದು. ಕೊರೋನಾ ಮಹಾಮಾರಿಯ ಕಾಲದಲ್ಲಿ ಶಾಲೆಗಳನ್ನು ಮುಚ್ಚಿದ ಬಗೆಯನ್ನು ಈ ಎರಡು ಅಳತೆಗೋಲುಗಳಿಂದಲೂ ಅಳೆದು ನೋಡುವದು ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲು ನಡೆದ ಸಂಗತಿಗಳನ್ನು ಕ್ರಮವಾಗಿ ಹೇಳುವೆನು. ಭಾರತದಲ್ಲಿ ಈ ರೋಗದ ಮೊದಲನೆಯ ಪ್ರಕರಣವು ೨೦೨೦ನೆಯ ಜನವರಿ ೩೦ರಂದು ಕೇರಳದಲ್ಲಿ ಕಂಡುಬಂದಿತು. ಮೊದಲನೆಯ ಮರಣವು ನಮ್ಮ ನೆರೆಯ ಕಲಬುರ್ಗಿಯದು. ಸೌದಿ ಅರೇಬಿಯದಿಂದ ಮರಳಿದ್ದ ೭೬ ವರ್ಷದ ವೃದ್ಧರೊಬ್ಬರು ಮಾರ್ಚ್ ೧೦ರಂದು ತೀರಿಕೊಂಡರು. ಮರುದಿನ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಗದ್ವ್ಯಾಪಿಯಾದ ಮಹಾಮಾರಿಯೆಂದು ಕರೆಯಿತು. ೧೨ರಂದು ಆ ವೃದ್ಧರ ಮರಣಕ್ಕೆ ಈ ರೋಗವೇ ಕಾರಣವೆಂಬುದು ಖಚಿತವಾಯಿತು. ಆ ವಾರದಲ್ಲಿಯೇ ನಮ್ಮ ಪ್ರಾಂತದ ಶಾಲೆಗಳ ಬಾಗಿಲಿಗೆ ಬೀಗ ಬಿದ್ದಿತು. ಮಾರ್ಚ್ ೨೫ರಿಂದ ದೇಶವೆಲ್ಲ ಇಪ್ಪತ್ತೊಂದು ದಿವಸಗಳ ದಿಗ್ಬಂಧನಕ್ಕೆ ಒಳಗಾಯಿತು. ಮುಂಬಯಿ ಹೈದರಾಬಾದುಗಳ ನಡುವಣ ಹೆದ್ದಾರಿಯು ಹುಮನಾಬಾದಿನ ಮೂಲಕ ಹಾಯುವದಷ್ಟೆ. ಹಗಲಿರುಳು ಲಾರಿಗಳಿಂದ ತುಂಬಿರುತ್ತಿದ್ದ ಆ ದಾರಿಯು ಬರಿದಾದುದನ್ನು ಕಂಡವರು ಮರೆಯಲಾರರು. ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪಟ್ಟಣಗಳಿಂದ ಕೂಲಿಯ ಜನರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗತೊಡಗಿದಾಗ ಬೀದರ, ಕಲಬುರ್ಗಿ, ಯಾದಗಿರಿ ಜಿಲ್ಲೆಗಳಲ್ಲಿ ರೋಗವು ಹೆಚ್ಚಿತು.

ಆಗ ಶಾಲೆಗಳನ್ನು ಮುಚ್ಚಿದುದು ತಪ್ಪೆಂದು ನಾನು ಹೇಳಲಾರೆನು. ನಿಮಿತ್ತವು ಪ್ರತ್ಯಕ್ಷವಾಗಿತ್ತು. ಈ ರೋಗವು ಮಕ್ಕಳಿಗೆ ಎಷ್ಟು ತಗಲುವದು, ಮಕ್ಕಳಿಂದ ಮನೆಯ ಮುದುಕರಿಗೆ ಎಷ್ಟು ಹರಡುವದು ಎಂಬುದನ್ನು ಯಾರೂ ಅರಿತಿರಲಿಲ್ಲ. ಒಂದೇ ಸೂರಿನಡಿಯಲ್ಲಿ ಅಜ್ಜ, ಮಗ, ಮೊಮ್ಮಕ್ಕಳು ಕೂಡಿ ಬಾಳುವ ನಮ್ಮಂಥ ಸೀಮೆಯಲ್ಲಿ ಆ ಶಂಕೆಯು ಸಹಜವೇ ಆಗಿತ್ತು. ನಮ್ಮ ಹಿರಿಯರೂ ಪ್ಲೇಗಿನ ಕಾಲದಲ್ಲಿ ಹೀಗೆಯೇ ಮಾಡಿದ್ದರು. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆದರೆ ಅವರು ಇನ್ನೊಂದು ಮಾತನ್ನೂ ಅರಿತಿದ್ದರು: ಬೇನೆಯು ಇಳಿಯಿತೆಂದರೆ ಊರಿಗೆ ಮರಳಿ ಒಲೆ ಹಚ್ಚಬೇಕು. ಮುಚ್ಚುವದರಲ್ಲಿ ನಾವು ಅವರಂತೆಯೇ ನಡೆದೆವು. ಮರಳುವದರಲ್ಲಿ ಹಾಗೆ ನಡೆಯಲಿಲ್ಲ.

ಆ ದಿನಗಳಲ್ಲಿ ವಿದ್ಯಾವಂತರ ನಡುವೆ ಎರಡು ಪ್ರಶ್ನೆಗಳು ಚರ್ಚೆಗೆ ಬರುತ್ತಿದ್ದವು. ಈ ವಿಷಾಣುವು ಎಲ್ಲಿಂದ ಬಂದಿತು? ಶಾಲೆಗಳು ಯಾವಾಗ ತೆರೆಯುವವು? ಇವುಗಳಲ್ಲಿ ಮೊದಲನೆಯದಕ್ಕೆ ಸಂದ ಉತ್ಸಾಹದ ಹತ್ತರಲ್ಲಿ ಒಂದು ಪಾಲೂ ಎರಡನೆಯದಕ್ಕೆ ಸಲ್ಲಲಿಲ್ಲವೆಂಬುದು ನನ್ನ ಅನುಭವ. ಆದುದರಿಂದ ಮೊದಲನೆಯದನ್ನೇ ಮೊದಲು ನೋಡುವಾ.

ಚೀನದ ವೂಹಾನ್ ನಗರದಲ್ಲಿ ಕಾರಣ ತಿಳಿಯದ ನ್ಯುಮೋನಿಯ ಹರಡಿರುವ ಸುದ್ದಿಯು ೨೦೧೯ನೆಯ ದಶಂಬರ ೩೧ರಂದು ವಿಶ್ವ ಆರೋಗ್ಯ ಸಂಸ್ಥೆಗೆ ಮುಟ್ಟಿತು. ಮರುದಿನವೇ ಆ ನಗರದ ಹುವಾನಾನ್ ಎಂಬ ಮೀನುಮಾಂಸದ ಪೇಟೆಯನ್ನು ಮುಚ್ಚಲಾಯಿತು. ಇಲ್ಲಿಂದ ಎರಡು ಪಕ್ಷಗಳು ಹುಟ್ಟಿದವು. ಒಂದು ಪಕ್ಷದವರು ಹೇಳುವದೇನೆಂದರೆ: ಇದು ಬಾವಲಿಗಳಲ್ಲಿರುವ ವಿಷಾಣುಗಳ ಕುಲಕ್ಕೆ ಸೇರಿದುದು; ಪೇಟೆಯಲ್ಲಿ ಜೀವಂತವಾಗಿ ಮಾರುತ್ತಿದ್ದ ಕಾಡುಪ್ರಾಣಿಗಳ ಮೂಲಕ ಮನುಷ್ಯನಿಗೆ ದಾಟಿತು; ೨೦೦೨-೦೩ರಲ್ಲಿ ಬಂದ ಸಾರ್ಸ್ ರೋಗವು ಪುನುಗಿನ ಜಾತಿಯ ಬೆಕ್ಕುಗಳ ಮೂಲಕ ಬಂದಂತೆಯೇ ಇದೂ ಬಂದಿತು. ೨೦೨೨ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಮೊದಮೊದಲಿನ ರೋಗಿಗಳ ಮನೆಗಳು ಆ ಪೇಟೆಯ ಸುತ್ತ ದಟ್ಟವಾಗಿದ್ದುದನ್ನು ತೋರಿಸಿತು. ಇನ್ನೊಂದು ಪಕ್ಷದವರು ಹೇಳುವದೇನೆಂದರೆ: ಬಾವಲಿಗಳ ವಿಷಾಣುಗಳನ್ನು ಸಂಗ್ರಹಿಸಿ ಅಭ್ಯಸಿಸುತ್ತಿದ್ದ ದೊಡ್ಡ ಪ್ರಯೋಗಶಾಲೆಯು ಅದೇ ನಗರದಲ್ಲಿರುವದು, ಅಲ್ಲಿಂದ ಪ್ರಮಾದವಶಾತ್ ಹೊರಬಿದ್ದಿರಬಹುದು, ಪೇಟೆಯಲ್ಲಿ ರೋಗ ತಗಲಿದ ಪ್ರಾಣಿಯೊಂದೂ ಸಿಕ್ಕಿಲ್ಲ, ಪೇಟೆಯ ಸುತ್ತಲೇ ಹುಡುಕಿದವರಿಗೆ ಪೇಟೆಯ ಸುತ್ತಲಿನ ರೋಗಿಗಳೇ ಸಿಕ್ಕಿರಬಹುದು. ಆ ಪ್ರಯೋಗಶಾಲೆಯವರಿಗೆ ತಿಳಿದಿದ್ದ ಬಾವಲಿಯ ವಿಷಾಣುವೊಂದು ಇದನ್ನು ನೂರಕ್ಕೆ ೯೬ರಷ್ಟು ಹೋಲುವದೆಂಬುದು ನಿಜ. ಆದರೆ ಉಳಿದ ನಾಲ್ಕು ಪಾಲಿನ ಅಂತರವು ಪ್ರಕೃತಿಯಲ್ಲಿ ದಶಕಗಟ್ಟಲೆ ಕಾಲದ್ದೆಂದು ಬಲ್ಲವರು ಹೇಳುವರು.

೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರೂ ಚೀನದವರೂ ಕೂಡಿ ನಡೆಯಿಸಿದ ಪರಿಶೀಲನವು ಪ್ರಯೋಗಶಾಲೆಯ ಪಕ್ಷವನ್ನು ಅತ್ಯಂತ ಅಸಂಭವವೆಂದು ಬರೆಯಿತು. ಆದರೆ ಆ ಸಂಸ್ಥೆಯ ಮುಖ್ಯರೇ ಎಲ್ಲ ಪಕ್ಷಗಳೂ ವಿಚಾರಾರ್ಹವಾಗಿ ಉಳಿದಿವೆಯೆಂದು ಹೇಳಿದರು. ಅಮೇರಿಕೆಯ ಗುಪ್ತಚಾರ ಸಂಸ್ಥೆಗಳಲ್ಲಿಯೂ ಒಮ್ಮತವಿಲ್ಲ. ಅವುಗಳಲ್ಲಿ ಪ್ರಮುಖವಾದ ಸಿ.ಐ.ಎ.ಯು ೨೦೨೫ನೆಯ ಜನವರಿಯಲ್ಲಿ ಪ್ರಯೋಗಶಾಲೆಯ ಕಡೆಗೆ ಒಲಿದರೂ, ತನ್ನ ನಿರ್ಣಯದಲ್ಲಿ ತನಗಿರುವ ವಿಶ್ವಾಸವು ಅಲ್ಪವೆಂದೂ ಕೂಡಿಯೇ ಹೇಳಿತು. ಅದೇ ವರ್ಷದ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಮಂಡಲವು, ಸಿಕ್ಕಿರುವ ಆಧಾರಗಳ ತೂಕವು ಪ್ರಾಣಿಮೂಲದ ಕಡೆಗೆ ಇರುವದೆಂದೂ, ಚೀನ ದೇಶವು ಕೇಳಿದ ದಾಖಲೆಗಳನ್ನು ಒದಗಿಸದಿರುವದರಿಂದ ಇನ್ನೊಂದು ಪಕ್ಷವನ್ನು ತಳ್ಳಿಹಾಕಲು ಬಾರದೆಂದೂ ಹೇಳಿತು. ಸಾಕ್ಷಿಯು ಕಾಗದಪತ್ರಗಳನ್ನು ಮುಂದಿಡದಿರುವಾಗ ನ್ಯಾಯಾಧೀಶನು ಬರೆಯಬಹುದಾದುದು ಇಷ್ಟೇ.

ಇಂಥ ಪ್ರಶ್ನೆಗಳು ಬೇಗನೆ ತೀರುವವಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ೧೮೯೮ರಲ್ಲಿಯೇ ತೋರಿಸಿದನು, ಪಂಡಿತರು ನಕ್ಕರು, ೧೯೦೫ರ ನಂತರ ಪ್ಲೇಗ್ ಕಮಿಶನ್ನಿನವರ ಪ್ರಯೋಗಗಳಿಂದ ಅದು ಸಿದ್ಧಾಂತವಾಯಿತು. ೧೯೧೮ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮೇಲ್ಪಟ್ಟ ಜನರನ್ನು ಕೊಂದಿತು. ಅದಕ್ಕೆ ಸ್ಪೇನಿನ ಹೆಸರು ಬಂದುದು ಸ್ಪೇನಿನಲ್ಲಿ ಹುಟ್ಟಿದುದಕ್ಕಲ್ಲ. ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಆ ದೇಶದ ಪತ್ರಿಕೆಗಳು ಸುದ್ದಿಯನ್ನು ಮರೆಮಾಚದೆ ಅಚ್ಚುಹಾಕಿದುದಕ್ಕೆ. ಅದು ಅಮೇರಿಕೆಯಲ್ಲಿ ಹುಟ್ಟಿತೋ, ಫ್ರಾನ್ಸಿನ ಸೈನ್ಯದ ಪಾಳೆಯದಲ್ಲಿ ಹುಟ್ಟಿತೋ, ಚೀನದಲ್ಲಿಯೋ ಎಂಬ ವಾದವು ನೂರು ವರ್ಷಗಳು ಸಂದರೂ ಮುಗಿದಿಲ್ಲ.

ನಮ್ಮ ಕರ್ನಾಟಕದ ಮಲೆನಾಡಿನಲ್ಲಿಯೇ ಇಂಥ ವಾದವೊಂದು ನಡೆದಿತ್ತು. ೧೯೫೭ರಲ್ಲಿ ಶಿವಮೊಗ್ಗೆ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ಉಗ್ರವಾದ ಜ್ವರ ಬಂದಿತು. ದಕ್ಷಿಣ ಅಮೇರಿಕೆಯ ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೋ ಏನೋ ಎಂದು ಮೊದಲು ಭಯಪಟ್ಟರು. ಪುಣೆಯ ವಿಷಾಣು ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದು ಹೊಸ ವಿಷಾಣುವೆಂದೂ, ಉಣ್ಣೆಹುಳಗಳಿಂದ ಹರಡುವದೆಂದೂ ಕಂಡರು. ರಷ್ಯಾದೇಶದ ಒಂದು ಮೆದುಳುಜ್ವರದ ವಿಷಾಣುವಿಗೆ ಇದು ಬಂಧುವಾಗಿದ್ದುದರಿಂದ, ಸೈಬೀರಿಯದ ವಲಸೆಯ ಹಕ್ಕಿಗಳು ಇದನ್ನು ತಂದಿರಬಹುದೇ ಎಂಬ ತರ್ಕವು ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಭ್ಯಸಿಸುವ ಕಾರ್ಯಕ್ಕೆ ಅದರಿಂದ ಪ್ರೋತ್ಸಾಹ ದೊರೆಯಿತು. ಆ ಕಾರ್ಯಕ್ಕೆ ಪರದೇಶದ ಹಣವು ಬಂದುದರಿಂದ, ಇದರ ಹಿಂದೆ ರೋಗಾಣುಗಳಿಂದ ಯುದ್ಧಮಾಡುವ ಹಂಚಿಕೆ ಇದೆಯೇ ಎಂಬ ಸಂದೇಹವೂ ಎದ್ದಿತು. ೧೯೭೦ರ ದಶಕದಲ್ಲಿ ಅದು ಸಂಸತ್ತಿನ ಸಮಿತಿಯ ವರೆಗೂ ಹೋಯಿತು. ಮುಂದೆ ೧೯೯೫ರ ಸುಮಾರಿಗೆ ಸೌದಿ ಅರೇಬಿಯದಲ್ಲಿ ಇದರ ಹತ್ತಿರದ ಸೋದರ ವಿಷಾಣು ಸಿಕ್ಕಿದಾಗ ಪ್ರಶ್ನೆಯು ಮತ್ತಷ್ಟು ಹರಡಿಕೊಂಡಿತು. ಆದರೆ ಮಲೆನಾಡಿನವರು ಈ ನಿರ್ಣಯಕ್ಕಾಗಿ ಕಾದು ಕೂಡ್ರಲಿಲ್ಲ. ಮಂಗ ಸತ್ತ ಕಾಡಿಗೆ ಹೋಗಬಾರದು, ಮೈಗೆ ಉಣ್ಣೆ ಹತ್ತದಂತೆ ತೈಲ ಹಚ್ಚಿಕೊಳ್ಳಬೇಕು ಎಂಬ ತಿಳಿದಷ್ಟು ಸಂಗತಿಯಿಂದ ನಡೆದುಕೊಂಡರು. ಮೂಲವನ್ನು ಅರಿಯುವ ಕೆಲಸವು ಒಂದು. ತಿಳಿದಷ್ಟರಿಂದ ಜನರನ್ನು ಕಾಯುವ ಕೆಲಸವು ಇನ್ನೊಂದು.

ನ್ಯಾಯಶಾಸ್ತ್ರದಲ್ಲಿ ಕಥೆಯು, ಅಂದರೆ ಚರ್ಚೆಯು, ಮೂರು ವಿಧವೆಂದು ಹೇಳಿದೆ. ತತ್ತ್ವವನ್ನು ತಿಳಿಯಬೇಕೆಂದು ಮಾಡುವದು ವಾದ. ಗೆಲ್ಲಬೇಕೆಂದು ಮಾಡುವದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಪರರ ಮಾತನ್ನು ಮುರಿಯುವದಕ್ಕಾಗಿಯೇ ಮಾಡುವದು ವಿತಂಡೆ. ವಿಷಾಣುವಿನ ಮೂಲವನ್ನು ಕುರಿತು ನಮ್ಮ ಕಟ್ಟೆಗಳ ಮೇಲೆ ನಡೆದುದು ಬಹುಮಟ್ಟಿಗೆ ಜಲ್ಪವೇ. ಅದಕ್ಕಿಂತಲೂ ಕೆಟ್ಟುದೆಂದರೆ, ಮೂಲವನ್ನು ಹುಡುಕುವ ನೆಪದಲ್ಲಿ ನೆರೆಯವನನ್ನು ಅಪರಾಧಿಯನ್ನಾಗಿ ಮಾಡುವದು. ೨೦೨೦ನೆಯ ಮಾರ್ಚಿನಲ್ಲಿ ದಿಲ್ಲಿಯ ನಿಜಾಮುದ್ದೀನಿನ ಧರ್ಮಸಭೆಗೆ ಹೋಗಿಬಂದವರಲ್ಲಿ ರೋಗವು ಕಂಡಾಗ, ಒಂದು ಸಮಾಜವನ್ನೇ ಗುರಿಮಾಡಿ ಆಡಿದ ಮಾತುಗಳು ಎಷ್ಟು! ಆ ಸಭೆಗೆ ಬಂದಿದ್ದ ಪರದೇಶಿಯರ ಮೇಲಿನ ಖಟ್ಲೆಗಳನ್ನು ಮುಂಬಯಿ ಹೈಕೋರ್ಟಿನ ಔರಂಗಾಬಾದ ಪೀಠವು ಅದೇ ಆಗಸ್ಟಿನಲ್ಲಿ ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದು ಅಭಿಪ್ರಾಯಪಟ್ಟಿತು. ಹಿಂದೂಮುಸಲ್ಮಾನರು ಒಂದೇ ಬಾವಿಯ ನೀರು ಕುಡಿದು ಬಾಳಿದ ನಮ್ಮ ಸೀಮೆಯಲ್ಲಿ ಈ ಪಾಠವನ್ನು ನೆನಪಿಡುವದು ಅವಶ್ಯ.

ಈಗ ಎರಡನೆಯ ಪ್ರಶ್ನೆಗೆ ಬರುವೆನು. ಶಾಲೆಯನ್ನು ಮುಚ್ಚಬೇಕೋ ತೆರೆಯಬೇಕೋ ಎಂಬ ವಾದವು ಹೊಸದಲ್ಲ. ೧೯೧೮ರಲ್ಲಿ ಅಮೇರಿಕೆಯ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದಾಗ ನ್ಯೂಯಾರ್ಕ್ ಮತ್ತು ಶಿಕಾಗೋ ನಗರಗಳು ಮುಚ್ಚಲಿಲ್ಲ. ಇಕ್ಕಟ್ಟಾದ ಬಡವರ ಮನೆಗಳಿಗಿಂತ ಗಾಳಿಬೆಳಕುಗಳುಳ್ಳ ಶಾಲೆಯಲ್ಲಿ, ದಾದಿಯರ ಕಣ್ಣೆದುರಿಗೆ ಮಕ್ಕಳು ಇರುವದು ಲೇಸೆಂಬುದು ಅಲ್ಲಿಯ ಆರೋಗ್ಯಾಧಿಕಾರಿಗಳ ಯುಕ್ತಿಯಾಗಿತ್ತು. ೨೦೨೦ರಲ್ಲಿಯೂ ಸ್ವೀಡನ್ ದೇಶವು ಸಣ್ಣ ಮಕ್ಕಳ ಶಾಲೆಗಳನ್ನು ನಡೆಯಿಸಿತು. ಡೆನ್ಮಾರ್ಕ್ ದೇಶವು ಒಂದು ತಿಂಗಳು ಮುಚ್ಚಿ, ಏಪ್ರಿಲ್ ೧೫ರಿಂದ ಎಲ್ಲರಿಗಿಂತ ಮೊದಲು ಸಣ್ಣವರನ್ನೇ ಒಳಗೆ ಕರೆಯಿತು. ನಾವು ಇದಕ್ಕೆ ವಿಪರೀತವಾಗಿ ನಡೆದೆವು. ನಮ್ಮಲ್ಲಿ ಪರೀಕ್ಷೆಗೆ ಕೂಡ್ರುವವರು ಮೊದಲು, ಅಕ್ಷರ ಕಲಿಯುವವರು ಕೊನೆಗೆ.

ಸರಕಾರವು ಏನೂ ಮಾಡಲಿಲ್ಲವೆಂದು ಹೇಳುವದು ಅನ್ಯಾಯವಾದೀತು. ನೆರೆಯ ತೆಲಂಗಾಣವೂ ತಮಿಳುನಾಡೂ ಹತ್ತನೆಯ ತರಗತಿಯ ಪರೀಕ್ಷೆಯನ್ನು ಬಿಟ್ಟುಕೊಟ್ಟಾಗ ಕರ್ನಾಟಕವು ೨೦೨೦ನೆಯ ಜೂನ್ ೨೫ರಿಂದ ಎಂಟು ಲಕ್ಷಕ್ಕೂ ಮಿಕ್ಕಿದ ಮಕ್ಕಳಿಗೆ ಅದನ್ನು ನಡೆಯಿಸಿತು. ಅಂದು ಎಷ್ಟು ಜನರು ಅದನ್ನು ವಿರೋಧಿಸಿದರೆಂಬುದು ಓದುಗರಿಗೆ ನೆನಪಿರಬಹುದು. ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಯೋಜನೆಯು ಬಂದಿತು. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ, ಗುಡಿಯ ಪ್ರಾಕಾರದಲ್ಲಿಯೋ ಮರದ ನೆರಳಿನಲ್ಲಿಯೋ ಹತ್ತಿಪ್ಪತ್ತು ಮಕ್ಕಳನ್ನು ಕೂಡ್ರಿಸಿ ಪಾಠ ಹೇಳಿದರು. ಗುರುವು ಶಿಷ್ಯನನ್ನು ಹುಡುಕಿಕೊಂಡು ಹೋಗುವ ಈ ಪದ್ಧತಿಯು ನನ್ನಂಥವನಿಗೆ ಬಹಳ ಮೆಚ್ಚಿಕೆಯಾಗಿತ್ತು. ಆದರೆ ಶಿಕ್ಷಕರಿಗೂ ಮಕ್ಕಳಿಗೂ ರೋಗವು ತಗಲಿದ ಸುದ್ದಿಗಳು ಬಂದು, ಅಕ್ಟೋಬರ್ ೧೦ರಂದು ಅದನ್ನು ನಿಲ್ಲಿಸಲಾಯಿತು. ಜೀವವನ್ನು ಕಳೆದುಕೊಂಡ ಶಿಕ್ಷಕರ ಮನೆಯವರ ಮುಂದೆ ನಿಂತು ‘ನಿಲ್ಲಿಸಬಾರದಿತ್ತು’ ಎಂದು ಹೇಳುವ ಧೈರ್ಯವು ನನಗಿಲ್ಲ. ಈ ಪಕ್ಷದ ತೂಕವನ್ನು ಕಡಿಮೆಯೆಂದು ಎಣಿಸುವವನು ವಿಷಯವನ್ನು ಅರಿತವನಲ್ಲ.

೨೦೨೧ನೆಯ ಜನವರಿ ೧ರಂದು ಹತ್ತು ಹನ್ನೆರಡನೆಯ ತರಗತಿಗಳು ತೆರೆದವು. ಫೆಬ್ರುವರಿಯಲ್ಲಿ ಇನ್ನು ಕೆಲವು. ಒಂದರಿಂದ ಐದರ ವರೆಗಿನ ಮಕ್ಕಳಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಇಲ್ಲಿಯೇ ನಮ್ಮ ಊರಿನ ಕಥೆಯು ಬರುವದು. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ೨೦೨೦ನೆಯ ಸಪ್ಟಂಬರ ೨೪ರಂದು ಇದೇ ರೋಗದಿಂದ ತೀರಿಕೊಂಡರು. ತೆರವಾದ ಸ್ಥಾನಕ್ಕೆ ೨೦೨೧ನೆಯ ಏಪ್ರಿಲ್ ೧೭ರಂದು ಉಪಚುನಾವಣೆಯು ಗೊತ್ತಾಯಿತು. ಏಪ್ರಿಲ್ ೨ರಂದು ಸರಕಾರವು ಆರರಿಂದ ಒಂಬತ್ತರ ವರೆಗಿನ ತರಗತಿಗಳನ್ನೂ ವಿದ್ಯಾಗಮವನ್ನೂ ಮತ್ತೆ ನಿಲ್ಲಿಸಿತು. ಏಪ್ರಿಲ್ ೧೦ರಿಂದ ಬೀದರ ನಗರವನ್ನೂ ಒಳಗೊಂಡ ಏಳೆಂಟು ಪಟ್ಟಣಗಳಲ್ಲಿ ರಾತ್ರಿಯ ಸಂಚಾರವು ನಿಷಿದ್ಧವಾಯಿತು. ಅದೇ ಹೊತ್ತಿಗೆ ಬಸವಕಲ್ಯಾಣದಲ್ಲಿ ಪ್ರಚಾರದ ಸಭೆಗಳು ನಡೆದವು. ಧ್ವನಿವರ್ಧಕಗಳು ಬೀದಿಬೀದಿಯಲ್ಲಿ ಮೊಳಗಿದವು. ದೂರದೂರದಿಂದ ವಾಹನಗಳು ಬಂದವು. ಚುನಾವಣೆಯ ಕೆಲಸಕ್ಕೆ ನಿಯುಕ್ತರಾದ ಶಿಕ್ಷಕರು ರೋಗಕ್ಕೆ ತುತ್ತಾದರೆಂದು ಅವರ ಸಂಘಟನೆಗಳು ಆಮೇಲೆ ದೂರಿದವು. ಶಾಲೆಯ ಕಟ್ಟಡಕ್ಕೆ ಮತ ಹಾಕುವವರು ಬಂದರು, ಓದುವವರು ಬರಲಿಲ್ಲ.

ಯಾವ ಪಕ್ಷವನ್ನೂ ದೂಷಿಸುವದಕ್ಕಾಗಿ ನಾನು ಇದನ್ನು ಬರೆಯುವದಿಲ್ಲ. ಚುನಾವಣೆಯು ಪ್ರಜಾಪ್ರಭುತ್ವದ ಅಂಗವೇ ಸರಿ. ನಿಮಿತ್ತವು ಒಂದೇ ಆಗಿದ್ದರೆ ಅದರ ಫಲವೂ ಒಂದೇ ಆಗಿರಬೇಕೆಂಬುದಷ್ಟೇ ನನ್ನ ಮಾತು. ಗುಂಪು ಸೇರುವದು ಅಪಾಯಕರವೆಂದಾದರೆ ಸಭೆಗೂ ಅಪಾಯ, ಪಾಠಕ್ಕೂ ಅಪಾಯ. ಸಭೆಯನ್ನು ನಡೆಯಿಸಲು ಉಪಾಯವುಂಟಾದರೆ ಪಾಠಕ್ಕೂ ಉಪಾಯವುಂಟು. ಸಂತೆಗೆ, ಮದುವೆಗೆ, ಮತದಾನಕ್ಕೆ ತೊಲಗಿದ ನಿಮಿತ್ತವು ಒಂದನೆಯ ತರಗತಿಯ ಹೊಸ್ತಿಲಲ್ಲಿ ಮಾತ್ರ ನಿಂತುಕೊಂಡಿತೆಂದರೆ, ಅದನ್ನು ತಾತ್ಕಾಲಿಕ ಅನಧ್ಯಾಯವೆಂದು ವಿಜ್ಞಾನೇಶ್ವರನು ಒಪ್ಪುತ್ತಿದ್ದನೇ?

ಆಮೇಲೆ ಬಂದ ಎರಡನೆಯ ಅಲೆಯು ಘೋರವಾಗಿತ್ತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗಳನ್ನು ಮುಚ್ಚಿದುದಕ್ಕೆ ನಿಮಿತ್ತವಿರಲಿಲ್ಲವೆಂದು ಯಾರೂ ಹೇಳರು. ಜೂನ್ ತಿಂಗಳಲ್ಲಿ ಹೃದ್ರೋಗ ವೈದ್ಯರಾದ ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯ ತಜ್ಞ ಸಮಿತಿಯು ಶಾಲೆಗಳನ್ನು ತೆರೆಯುವದು ಅವಶ್ಯವೆಂದು ಸರಕಾರಕ್ಕೆ ತಿಳಿಸಿತು. ಮುಚ್ಚಿಯೇ ಇದ್ದರೆ ಪೋಷಣೆಯ ಕೊರತೆ, ಬಾಲಕಾರ್ಮಿಕತೆ, ಬಾಲ್ಯವಿವಾಹಗಳು ಹೆಚ್ಚುವವೆಂದು ಎಚ್ಚರಿಸಿತು. ಆಗಸ್ಟ್ ೨೩ರಿಂದ ದೊಡ್ಡ ತರಗತಿಗಳೂ, ಸಪ್ಟಂಬರದಲ್ಲಿ ಆರರಿಂದ ಎಂಟರ ವರೆಗಿನವೂ, ಕಟ್ಟಕಡೆಗೆ ಅಕ್ಟೋಬರ್ ೨೫ರಂದು ಒಂದರಿಂದ ಐದರ ವರೆಗಿನವೂ ತೆರೆದವು. ೨೦೨೦ನೆಯ ಮಾರ್ಚಿನಿಂದ ಎಣಿಸಿದರೆ ಹತ್ತೊಂಬತ್ತು ತಿಂಗಳುಗಳಾದವು. ಬೀಗ ಬಿದ್ದಾಗ ಒಂದನೆಯ ತರಗತಿಯಲ್ಲಿದ್ದ ಮಗುವು ಬೀಗ ತೆಗೆದಾಗ ಮೂರನೆಯ ತರಗತಿಯಲ್ಲಿ ಕುಳಿತಿತು. ಪೂರ್ಣವಾಗಿಯೂ ಭಾಗಶಃವಾಗಿಯೂ ಮುಚ್ಚಿದ ಕಾಲವನ್ನು ಕೂಡಿಸಿ ಯುನೆಸ್ಕೋ ಸಂಸ್ಥೆಯವರು ಮಾಡಿದ ಎಣಿಕೆಯಲ್ಲಿ ಭಾರತದ ಪಾಲು ೮೨ ವಾರಗಳು. ಜಗತ್ತಿನ ಅತಿ ದೀರ್ಘವಾದ ಅನಧ್ಯಾಯಗಳಲ್ಲಿ ಇದೊಂದು.

ಈ ಅವಧಿಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಮೊಬೈಲಿನಲ್ಲಿಯೂ ಬಂದವು. ಆದರೆ ಮೊಬೈಲು ಯಾರ ಮನೆಯಲ್ಲಿತ್ತು? ಇದ್ದರೂ ಹೊಲಕ್ಕೆ ಹೋಗುವ ತಂದೆಯ ಅಂಗಿಯ ಜೇಬಿನಲ್ಲಿತ್ತು. ೨೦೨೧ನೆಯ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞರಾದ ಜ್ಯಾಂ ದ್ರೇಜ್ ಮೊದಲಾದವರು ಕೂಡಿ ಹದಿನೈದು ರಾಜ್ಯಗಳ ಬಡವರ ಓಣಿಗಳಲ್ಲಿ ಸುಮಾರು ೧೪೦೦ ಮಕ್ಕಳನ್ನು ವಿಚಾರಿಸಿದರು. ಹಳ್ಳಿಗಳಲ್ಲಿ ನಿಯಮದಿಂದ ಓದುತ್ತಿದ್ದವರು ನೂರಕ್ಕೆ ೨೮. ಏನನ್ನೂ ಓದದವರು ೩೭. ಮೊಬೈಲಿನ ಪಾಠವು ನಿಯಮದಿಂದ ಮುಟ್ಟಿದುದು ನೂರಕ್ಕೆ ೮ ಜನರಿಗೆ ಮಾತ್ರ. ದಲಿತರ ಮತ್ತು ಆದಿವಾಸಿಗಳ ಮಕ್ಕಳನ್ನು ಬೇರೆಯಾಗಿ ಎಣಿಸಿದರೆ ೪ ಜನರಿಗೆ. ಸ್ಮೃತಿಯ ಪಟ್ಟಿಯು ಯಾರ ಪೂರ್ವಿಕರನ್ನು ಪಾಠದಿಂದ ದೂರವಿಟ್ಟಿತ್ತೋ ಅವರ ಮಕ್ಕಳೇ ಈ ಅನಧ್ಯಾಯದ ಭಾರವನ್ನೂ ಹೆಚ್ಚು ಹೊತ್ತರು. ಅವರನ್ನು ಹೊರಗಿಡಬೇಕೆಂದು ಈ ಸಲ ಯಾರೂ ವಿಧಿಸಲಿಲ್ಲ. ವಿಚಾರಿಸದೆ ಇದ್ದುದರಿಂದಲೇ ಆ ಫಲವು ಬಂದಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ೧೬,೦೬೭ ಸರಕಾರಿ ಶಾಲೆಯ ಮಕ್ಕಳನ್ನು ಪರೀಕ್ಷಿಸಿದಾಗ, ನೂರ್ಕೆ ೯೨ ಮಕ್ಕಳು ಹಿಂದಿನ ವರ್ಷ ಬಲ್ಲಂಥ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಹಾಗೆ ಕಳೆದುಕೊಂಡವರು ೮೨. ‘ಅಸರ್’ ಎಂಬ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯವರು ೨೦೧೮ರಲ್ಲಿ ನೂರಕ್ಕೆ ೨೭.೩ ಇದ್ದವರು ೨೦೨೨ರಲ್ಲಿ ೨೦.೫ಕ್ಕೆ ಇಳಿದರು.

ಪರರ ತಪ್ಪನ್ನು ಎಣಿಸಿದವನು ತನ್ನದನ್ನೂ ಹೇಳತಕ್ಕದ್ದು. ೨೦೨೦ನೆಯ ಮಳೆಗಾಲದಲ್ಲಿ ನಾವು ನಾಲ್ಕಾರು ಜನ ನಿವೃತ್ತರು, ಮೂಗುಬಾಯಿ ಮುಚ್ಚಿಕೊಂಡು ದೂರದೂರ ಕುಳಿತು, ಪ್ರತಿ ಸಂಜೆಯೂ ವೂಹಾನಿನ ಪೇಟೆಯೇ ಪ್ರಯೋಗಶಾಲೆಯೇ ಎಂದು ವಾದಿಸುತ್ತಿದ್ದೆವು. ನಾನು ಒಂದು ಪಕ್ಷವನ್ನು ಹಿಡಿದು ಬಹಳ ಆವೇಶದಿಂದ ಮಾತಾಡುತ್ತಿದ್ದೆನು. ಒಂದು ದಿನ ತೊಗರಿಯ ಹೊಲದ ಕೂಲಿಗೆ ಹೋಗಿ ಬರುತ್ತಿದ್ದ ತಾಯಿಯೊಬ್ಬಳು ಮಗಳ ಕೈ ಹಿಡಿದುಕೊಂಡು ನಿಂತು, “ಗುರುಗಳೆ, ಸಾಲಿ ಯಾವಾಗ ಸುರು ಆಗ್ತದ್ರಿ?” ಎಂದು ಕೇಳಿದಳು. “ಸರಕಾರ ಹೇಳಿದಾಗ ತಾಯಿ” ಎಂದು ಹೇಳಿ ನಾನು ವೂಹಾನಿಗೆ ಮರಳಿದೆನು. ಮರುವರ್ಷದ ದೀಪಾವಳಿಯ ಹೊತ್ತಿಗೆ ಆ ಹುಡುಗಿಯು ನಮ್ಮ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಾಗ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದಿದಳು. ಮೊದಲನೆಯ ವರ್ಷದಲ್ಲಿ ಅವಳು ಅದನ್ನು ಬರೆಯುತ್ತಿದ್ದಳೆಂದು ತಾಯಿಯು ಹೇಳಿದಳು. ನನ್ನ ಪಡಸಾಲೆಯು ಆ ಹದಿನೈದು ತಿಂಗಳೂ ಬರಿದಾಗಿಯೇ ಇತ್ತು. ಗಾಳಿ ಬೆಳಕುಗಳು ಯಥೇಷ್ಟವಾಗಿದ್ದವು. ನಾಲ್ಕು ಮಕ್ಕಳನ್ನು ದೂರದೂರ ಕೂಡ್ರಿಸಲು ಯಾವ ಆಜ್ಞೆಯೂ ಬೇಕಾಗಿದ್ದಿಲ್ಲ. ವೂಹಾನಿನ ವಿಷಯದಲ್ಲಿ ನನ್ನಿಂದ ಏನೂ ಆಗುವಂತಿರಲಿಲ್ಲ. ‘ಅಕ್ಕ’ನ ವಿಷಯದಲ್ಲಿ ಎಲ್ಲವೂ ಆಗುವಂತಿತ್ತು.

ವಿಷಾಣುವಿನ ಮೂಲದ ಶೋಧವು ನಿಲ್ಲಬಾರದು. ಮುಂದಿನ ಮಾರಿಯನ್ನು ತಡೆಯಬೇಕಾದರೆ ಅದು ಅವಶ್ಯ. ಆದರೆ ಅದು ದಾಖಲೆಗಳನ್ನು ಹಿಡಿದು ಮಾಡುವ ವಾದವಾಗಿರಬೇಕು. ನಿರ್ಣಯವಾಗುವ ವರೆಗೆ ‘ಸಂಶಯ’ವೆಂದೇ ಬರೆಯುವ ತಾಳ್ಮೆ ಬೇಕು. ಶಾಲೆಯ ವಿಷಯವು ಹಾಗಲ್ಲ. ಮುಂದೆ ಎಂದಾದರೂ ಶಾಲೆಯನ್ನು ಮುಚ್ಚುವ ಪ್ರಸಂಗ ಬಂದರೆ, ಆಜ್ಞಾಪತ್ರದಲ್ಲಿಯೇ ನಿಮಿತ್ತವನ್ನೂ ಅವಧಿಯನ್ನೂ ಬರೆಯಬೇಕು. ಹದಿನೈದು ದಿನಗಳಿಗೊಮ್ಮೆ ಆ ನಿಮಿತ್ತವು ಇದೆಯೋ ತೊಲಗಿತೋ ಎಂದು ತಾಲೂಕು ತಾಲೂಕಿಗೆ ನೋಡಬೇಕು. ಸಂತೆ ಸಭೆಗಳು ಮುಚ್ಚಿದ ಮೇಲೆ ಶಾಲೆಯು ಮುಚ್ಚಬೇಕು, ಅವು ತೆರೆಯುವ ಮೊದಲು ಶಾಲೆಯು ತೆರೆಯಬೇಕು. ತೆರೆಯುವಾಗ ಸಣ್ಣವರು ಮುಂದಿರಬೇಕು.

ಕೊನೆಗೆ ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಬಸವಕಲ್ಯಾಣ ಹುಮನಾಬಾದ ತಾಲೂಕುಗಳ ಹಳ್ಳಿಯ ಶಾಲೆಗಳಲ್ಲಿ ಆ ವರ್ಷಗಳ ದಾಖಲಾತಿ ಪುಸ್ತಕಗಳೂ ಹಾಜರಿ ಪುಸ್ತಕಗಳೂ ಇನ್ನೂ ಇರುವವು. ೨೦೨೦ನೆಯ ಮಾರ್ಚಿನಲ್ಲಿ ಹೆಸರಿದ್ದು, ಬಾಗಿಲು ತೆರೆದ ಮೇಲೆ ಬಾರದ ಮಕ್ಕಳು ಯಾರು, ಎಷ್ಟು ಜನ, ಅವರು ಎಲ್ಲಿಗೆ ಹೋದರು—ಇದನ್ನು ಊರೂರಿಗೆ ಹೋಗಿ ಬರೆದುಕೊಳ್ಳುವ ಕೆಲಸವನ್ನು ನಾವು ಕೈಕೊಳ್ಳಬಹುದಲ್ಲವೆ? ಶಾಸನಗಳನ್ನು ಓದುವದಕ್ಕೆ ನಾವು ಬೆಟ್ಟಗುಡ್ಡಗಳನ್ನು ಹತ್ತಿದವರು. ಈ ಪುಸ್ತಕಗಳಿಗೆ ಹುಳು ಹತ್ತುವದರೊಳಗಾಗಿ ಇವನ್ನು ಓದೋಣ. ನನ್ನ ಕೈಲಾದ ನಾಲ್ಕು ಹಳ್ಳಿಗಳ ಭಾರವನ್ನು ನಾನು ಹೊರುವೆನು. ಆ ಹುಡುಗಿಯು ಈಗ ಒತ್ತಕ್ಷರಗಳನ್ನು ತಡವರಿಸದೆ ಓದುತ್ತಾಳೆ, ಬರಹದಲ್ಲಿ ಇನ್ನೂ ಕೆಲವು ತಪ್ಪುಗಳುಳಿದಿವೆ, ಪಾಠವು ನಡೆದಿದೆ.